ಮರಣ ಕಾರಣ: ಎದೆನೋವು

ಮಸ್ಕಿ
9 ಫೆಬ್ರವರಿ 2025

ತಂಗಿ ಅಂಜಲಿಗೆ,

ಭಾವ ಹುಲಿಗೇಶನ ಆಶೀರ್ವಾದ. ಅಭ್ಯಾಸಬಲದಿಂದ ‘ಸೌಭಾಗ್ಯವತಿ’ ಎಂದು ಬರೆದು, ಆ ಹಾಳೆ ಹರಿದೆ. ಹಾಗೆ ಹರಿದ ಹಾಳೆಗಳಲ್ಲೇ ಎರಡು ತಿಂಗಳು ಹೋದವು, ತಡವಾದದ್ದಕ್ಕೆ ಕ್ಷಮಿಸು. ಗುರುಗುಂಟಾದಲ್ಲಿ ನಿನ್ನ ತವರಿನವರೂ ಮಗಳು ಜ್ಯೋತಿಯೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಿನ್ನ ಎಮ್ಮೆ ನನಗೆ ಹಾಲು ಕೊಡುವುದಿಲ್ಲ, ಕಾಲು ಕೊಡುತ್ತದೆ.

ತಮ್ಮ ಯಮನೂರನನ್ನು ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದ ಮೇಲೆ, ತವರಿಗೆ ಹೊರಟ ದಿನ, ನೀನು ಬಸ್ಸಿನ ಬಾಗಿಲಲ್ಲಿ ನಿಂತು ಕೇಳಿದ್ದೆ: “ಭಾವ, ಅವ್ರು ತಾವಾಗೇ ಕುಡದ್ರೋ, ಯಾರರ ಕುಡಿಸಿದ್ರೋ? ಅಷ್ಟು ಹೇಳ್ರಿ ಸಾಕು.” ಬಸ್ಸು ಹೊರಟದ್ದು ನನಗೆ ಅನುಕೂಲವಾಯಿತು.

ಆಮೇಲೆ ಪಂಚಾಯಿತಿಯ ಮರಣದ ರಿಜಿಸ್ಟರ್ ತೆಗೆದು ಕೂತೆ. ಅದನ್ನು ಬರೆಯುವವನು ನಾನೇ ತಾನೆ. ಪುಡಿ ಬೆರೆಸಿದ ಸೇಂದಿ ಕುಡಿದು ಸತ್ತವರು ಮೊದಲು ವರ್ಷಕ್ಕೆ ಒಬ್ಬರೋ ಇಬ್ಬರೋ. ಕಳೆದ ವರ್ಷ ಒಂಬತ್ತು ಜನ. ಮನೆಯವರ ಮರ್ಯಾದೆಗೆಂದು ಎಲ್ಲರ ಹೆಸರಿನ ಮುಂದೆಯೂ ‘ಎದೆನೋವು’ ಎಂದು ಬರೆದಿದ್ದೇನೆ, ತಮ್ಮನ ಹೆಸರಿನ ಮುಂದೆಯೂ. ಕಾಲೇಜಿನಲ್ಲಿ ಕಲಿತ ಕನ್ನಡ ಇಷ್ಟಕ್ಕೆ ಉಪಯೋಗವಾಯಿತು. ‘ಅಣ್ಣನ ಪ್ರಾಸ, ಮನೆಮಂದಿಗೆ ತ್ರಾಸ’ ಎಂದು ನಗುತ್ತಿದ್ದ ಅವನು.

ಲಿಂಗಸುಗೂರಿನ ನರ್ಸ್ ಹಸೀನಾಬೀಯನ್ನು ಕೇಳಿದೆ. ಈಗಿನ ಸೇಂದಿಯಲ್ಲಿ ಸೇಂದಿಯೇ ಇರುವುದಿಲ್ಲವಂತೆ. ನೀರು, ಸಿಹಿಗೆ ಸ್ಯಾಕರಿನ್, ನಿದ್ದೆ ಬರಿಸುವ ಪುಡಿ. ಯಾವ ಕೊಡದಲ್ಲಿ ಪುಡಿ ಎಷ್ಟೆಂಬುದು ಮಾರುವವನಿಗೂ ತಿಳಿದಿರುವುದಿಲ್ಲವಂತೆ. ಆಮೇಲೆ ಮೆಲ್ಲಗೆ ಅಂದಳು: “ಸಿಂಧನೂರಾಗ ಚಿಕಿತ್ಸೆ ತಗೊಂಡು ನಾಕು ತಿಂಗಳ ಬಿಟ್ಟಿದ್ದ ಮೈರೀ ಅದು. ಹಳೇ ಅಳತಿ ತಡಕೊಳ್ಳಂಗಿಲ್ಲ.”

ಊರವರು, ಬಿಟ್ಟವನು ಕದ್ದು ಕುಡಿದ ಎಂದು ಆಡಿಕೊಳ್ಳುತ್ತಿದ್ದಾರೆ. ನಂಬಬೇಡ. ಕಾರಣ ತಿದ್ದಲು ನಾಳೆ ಅರ್ಜಿ ಕೊಡುತ್ತೇನೆ, ಒಂಬತ್ತು ಹೆಸರಿಗೂ. ನನ್ನ ನೌಕರಿಯ ಮಾತು ಆಮೇಲೆ.

ಜ್ಯೋತಿ ಚೆನ್ನಾಗಿ ಓದಲಿ. ನಿನಗೆ ರಾತ್ರಿ ನಿದ್ದೆ ಬರಲಿ.

ನಿನ್ನ ಭಾವ
ಹುಲಿಗೇಶ

ತಾ.ಕ.: ನೀನು ಕೇಳಿದ್ದಕ್ಕೆ ಉತ್ತರ ಮೇಲೆಲ್ಲೂ ಇಲ್ಲ. ಅಪ್ಪ ತೀರಿಕೊಂಡ ಮೂರನೇ ದಿನ, ಹೆಂಗಸರು ಮನೆಗೆ ತಿರುಗಿದ ಮೇಲೆ, ಅಪ್ಪನಿಗೆ ಇಷ್ಟವೆಂದು ಸಮಾಧಿಯ ಮುಂದೆ ಸೇಂದಿಯ ಎಡೆ ಇಟ್ಟವನು ನಾನು. ಎಡೆ ಉಳಿಯಬಾರದು, ಕಿರಿಮಗ ಕುಡಿದು ಮುಗಿಸಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಯಮನೂರ ಕೈ ಹಿಂದೆ ಕಟ್ಟಿಕೊಂಡು, “ಬ್ಯಾಡಣ್ಣ, ಅಂಜಲಿಗೆ ಮಾತು ಕೊಟ್ಟೀನಿ” ಅಂದ. “ಅಪ್ಪಗಿಂತ ಆ ಮಾತು ದೊಡ್ಡದೇನಲೇ?” ಅಂದೆ. ಆಗಲೂ ಅವನು ಕೈ ಮುಂದೆ ತರಲಿಲ್ಲ. ತುಂಬಿದ ಚೊಂಬನ್ನು ಬಾಯಿಗೆ ಹಿಡಿದವನು ನಾನೇ.