ಶನಿವಾರದ ಗುಲಾಮ

ಇಸಳೂರು, ಶಿರಸಿ
೧೨ ನವೆಂಬರ್ ೨೦೨೫, ಬುಧವಾರ

ರಾಘು,

ನಿನ್ನ ಹೆಸರಿನ ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದು ನಿನಗೆ ಕಾಣುತ್ತದೆ. ಹಾಳೆ ಬದಲಿಸಬಹುದಿತ್ತು, ಬದಲಿಸಲಿಲ್ಲ. ಫೋನ್ ಮಾಡಿದರೆ ನೀನು ಹೂಂ ಎನ್ನುತ್ತೀಯ, ನಾನು ಸರಿ ಎನ್ನುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದದಲ್ಲಾದರೆ ನಿನ್ನ ಹೂಂ ಕೇಳಿಸುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅತ್ತೆ ತೀರಿಕೊಂಡ ಹದಿಮೂರನೆಯ ದಿನ ಹುಲೇಕಲ್ಲಿನ ನಿನ್ನ ದೊಡ್ಡಪ್ಪನ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುವಾಗ ನೀನು ಮೆಲ್ಲಗೆ ಕೇಳಿದೆ, ‘ಇನ್ನು ಶನಿವಾರ ಬರವು ಹೇಳಿ ಇಲ್ಲೆ, ಅಲ್ದಾ?’ ಎಂದು. ನಾನೂ ಅಷ್ಟೇ ಮೆಲ್ಲಗೆ ‘ಇಲ್ಲೆ’, ಬರಬೇಕಿಲ್ಲ ಎಂದೆ. ಹಿಂದೆ ನಿಂತಿದ್ದವರು ನಾವು ಸಾರಿನ ಉಪ್ಪಿನ ಬಗ್ಗೆ ಮಾತಾಡುತ್ತಿದ್ದೇವೆ ಎಂದುಕೊಂಡಿರಬೇಕು. ನಮ್ಮ ಮದುವೆ ಅಲ್ಲಿ ನಲ್ಲಿಯ ಹತ್ತಿರ ಮುಗಿಯಿತು.

ಮಾತು ಕೊಟ್ಟದ್ದು ನಾವಿಬ್ಬರೂ. ನೀನು ಯಲ್ಲಾಪುರದಲ್ಲಿ ಬ್ಯಾಟರಿ ಅಂಗಡಿ ಹಾಕಿ ಅಲ್ಲೇ ಕೋಣೆ ಹಿಡಿದಾಗ, ಅತ್ತೆ ಇರುವವರೆಗೆ ನಾವು ಬೇರೆಯಾದದ್ದು ಅವರಿಗೆ ಗೊತ್ತಾಗಬಾರದು ಎಂದೆವು. ವ್ಯಾಪಾರಕ್ಕಾಗಿ ಹೋಗಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ ಎಂದು ನಾನೇ ಹೇಳಿದೆ. ನೀನೂ ತಪ್ಪದೆ ಬಂದೆ. ಬಂದು ಕಾಫಿ ಕುಡಿದು, ಇಸ್ಪೀಟಿನ ಎಲೆ ಕಲೆಸಿ, ಆಟ ಮುಗಿದ ಮೇಲೆ ಸೆಖೆ ಎಂದು ನೆವ ಹೇಳಿ ಹಾಲ್‌ನಲ್ಲಿದ್ದ ಸೋಫಾದ ಮೇಲೆ ಮಲಗುತ್ತಿದ್ದೆ. ಡಿಸೆಂಬರಿನಲ್ಲೂ ನಿನಗೆ ಸೆಖೆ!

ನಿನ್ನೆ ಕಪಾಟು ಒರೆಸುವಾಗ ಇಸ್ಪೀಟಿನ ಕಟ್ಟು, ಹುಣಸೆಬೀಜದ ಡಬ್ಬಿ ಕೈಗೆ ಬಂದವು. ಲಾಕ್‌ಡೌನ್ ಆದ ವರ್ಷ ನೀನು ಪೋಕರ್ ಎಂದಾಗ ಅತ್ತೆ ‘ಜೂಜೆಲ್ಲ ಎನ್ನ ಎದುರಿಗೆ ಬ್ಯಾಡ’ ಎಂದು ಮುಖ ತಿರುವಿದ್ದರು. ಹುಣಸೆಬೀಜ ಇಟ್ಟು ಆಡುವುದು ಎಂದ ಮೇಲೆ ಕಾಲು ನೀಡಿ ಕೂತರು. ಅವರ ಜನ್ಮವೆಲ್ಲ ಇಪ್ಪತ್ತೆಂಟು ಆಡುವುದರಲ್ಲೇ ಕಳೆದಿತ್ತಲ್ಲ. ಆ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ಹಿಂದೆ ಒಂಬತ್ತು. ರಾಜ ರಾಣಿಯರಿಗೆ ಬೆಲೆಯೇ ಇಲ್ಲ. ಹಾಗಾಗಿ ನೀನು ಮೊದಲು ಕಲಿಸಿದ ಡ್ರಾ ಆಟದಲ್ಲಿ, ಐದೂ ಎಲೆ ಮುಚ್ಚಿಟ್ಟುಕೊಂಡು ಬೇಡದ್ದನ್ನು ಬದಲಿಸುವ, ರಾಜನೇ ಗುಲಾಮನಿಗಿಂತ ದೊಡ್ಡವನಾದ ಆಟದಲ್ಲಿ, ಅವರು ಜೋಡಿ ರಾಜರನ್ನು ಎಲ್ಲರಿಗೂ ಕಾಣುವಂತೆ ಬಿಸಾಡಿ ಒಂಟಿ ಗುಲಾಮನನ್ನು ಎದೆಗೆ ಒತ್ತಿಕೊಂಡರು. ನೀನು ನಕ್ಕು ನಕ್ಕು ಗೋಡೆಗೆ ಒರಗಿದೆ.

ಅವರಿಗೆ ಡ್ರಾ ಇಷ್ಟ, ಕೆಟ್ಟ ಎಲೆ ಬಂದರೆ ಕೊಟ್ಟು ಬೇರೆಯದು ಕೇಳಬಹುದಲ್ಲ ಎಂದು. ಸ್ಟಡ್ ಎಂಬ ಬಗೆ ಮಾತ್ರ ಸೇರಲಿಲ್ಲ. ನಡುವೆ ಎಲ್ಲರಿಗೂ ಸೇರಿದ ಎಲೆ ಇಲ್ಲ, ಒಬ್ಬೊಬ್ಬರಿಗೆ ಏಳೇಳು ಎಲೆ, ಅದರಲ್ಲಿ ನಾಲ್ಕು ಎಲ್ಲರ ಕಣ್ಣೆದುರು ತೆರೆದೇ ಇರಬೇಕು. ‘ನಮ್ಮ ಮರ್ಯಾದೆ ಊರಿಗೆಲ್ಲ ತೋರ್ಸೂದು ಎಂತಕ್ಕೆ’ ಎಂದು ಎದ್ದುಹೋದರು. ನನಗೆ ಹಿಡಿಸಿದ್ದು ಹೋಲ್ಡೆಮ್. ಕೈಯಲ್ಲಿ ಎರಡೇ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಆ ಏಳರಲ್ಲಿ ಯಾವ ಐದನ್ನಾದರೂ ಆರಿಸಿಕೊ. ನಡುವಿನ ಐದೇ ಚೆನ್ನಾಗಿದ್ದರೆ ಕೈಯಲ್ಲಿ ಕಸ ಇದ್ದರೂ ನಡೆಯುತ್ತದೆ.

ಆಮೇಲೆ ನೀನು ಒಮಾಹ ಎಂಬ ಇನ್ನೊಂದು ಬಗೆ ತಂದೆ. ಕೈಗೆ ನಾಲ್ಕು ಎಲೆ ಎಂದಾಗ ನಾನು ಎಷ್ಟು ಖುಷಿಪಟ್ಟಿದ್ದೆ! ಒಂದು ಸಲ ನಡುವೆ ನಾಲ್ಕು ಆಟೀನ್ ಬಿದ್ದವು, ನನ್ನ ಕೈಯಲ್ಲಿ ಆಟೀನ್ ಎಕ್ಕ. ಐದೂ ಆಟೀನ್, ಒಂದೇ ಜಾತಿಯ ಎಲೆ ಆಯಿತಲ್ಲ, ಗೆದ್ದೆ ಎಂದು ಬೀಜಗಳನ್ನು ಮಡಿಲಿಗೆ ಎಳೆದುಕೊಂಡೆ. ನೀನು ಕೈ ಹಿಡಿದು ನಿಲ್ಲಿಸಿದೆ. ಒಮಾಹದಲ್ಲಿ ಹಾಗಿಲ್ಲ, ನಡುವಿನಿಂದ ಮೂರೇ, ನಿನ್ನ ಕೈಯಿಂದ ಎರಡು ಇಳಿಯಲೇಬೇಕು, ಒಂದು ಸಾಲದು ಎಂದೆ. ಮೋಸ ಎಂದು ಜಗಳ ಮಾಡಿ ನಾನು ಎರಡು ದಿನ ಮಾತು ಬಿಟ್ಟೆ. ಆಗಿನ ಜಗಳಗಳು ಎಷ್ಟು ಚೆನ್ನಾಗಿದ್ದವು ರಾಘು.

ಭೂಮಿಕಾ ಎಂದು ಹೆಸರಿಡಬೇಕೆಂದುಕೊಂಡಿದ್ದ ಮಗು ಏಳನೇ ತಿಂಗಳಲ್ಲಿ ಉಸಿರಿಲ್ಲದೆ ಹುಟ್ಟಿದ ಮೇಲೆ ನಾವು ಜಗಳವನ್ನೂ ಆಡಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನ ನೀನು ತೊಟ್ಟಿಲನ್ನು ಯಾರಿಗೋ ಕೊಟ್ಟುಬಂದೆ. ನಾನು ಏನೂ ಕೇಳಲಿಲ್ಲ. ಕೇಳಿದರೆ ನೀನು ಅಳುತ್ತೀಯೇನೋ ಎಂಬ ಹೆದರಿಕೆ ನನಗೆ. ಹೇಳಿದರೆ ನಾನು ಒಡೆದುಹೋಗುತ್ತೇನೆ ಎಂಬ ಹೆದರಿಕೆ ನಿನಗೆ ಇದ್ದಿರಬೇಕು. ನಡುವೆ ಬೇಕಾದಷ್ಟಿತ್ತು. ಹೊಸ ಮನೆ, ಅತ್ತೆ, ನನ್ನ ಔಷಧಿ ಅಂಗಡಿಯ ಕೆಲಸ, ಸ್ವರ್ಣವಲ್ಲಿ ಮಠಕ್ಕೆ ಹೋಗಿಬರುವುದು, ನೆಂಟರ ಮನೆಯ ಉಪನಯನಗಳು. ಅದರ ಮೇಲೆಯೇ ಸಂಸಾರ ನಡೆದುಬಿಡುತ್ತದೆ ಎಂದುಕೊಂಡೆವು. ಕೈಯಿಂದ ಎರಡು ಇಳಿಯಬೇಕು ಎಂದು ಕಲಿಸಿದವನು ನೀನೇ, ಇಳಿಸಲಿಲ್ಲ. ನಾನೂ ಇಳಿಸಲಿಲ್ಲ.

ನೀನು ಯಲ್ಲಾಪುರಕ್ಕೆ ಹೋದ ಮೇಲೆ, ನಾನು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದಾಗ ಅತ್ತೆ, ನಾನು ಇಬ್ಬರೇ ಆಡುತ್ತಿದ್ದೆವು. ಅದು ನಿನಗೆ ಗೊತ್ತಿಲ್ಲ. ಹೆಚ್ಚಾಗಿ ನನ್ನ ಬೀಜಗಳೆಲ್ಲ ಅವರ ಡಬ್ಬಿ ಸೇರುತ್ತಿದ್ದವು. ಶನಿವಾರ ನೀನು ಬಂದಾಗ ಮಾತ್ರ ಮತ್ತೆ ಅದೇ ಕಥೆ, ರಾಜನನ್ನು ಬಿಸಾಡಿ ಗುಲಾಮನನ್ನು ಹಿಡಿಯುವುದು. ನೀನು ಮೊದಲಿನಿಂದ ಕಲಿಸುವುದು, ನಾನು ನಡುವೆ ಬಾಯಿ ಹಾಕುವುದು, ‘ನಿಂಗ ಇಬ್ರೂ ಒಟ್ಟಿಗೆ ಹೇಳಿದ್ರೆ ಯಂಗೆ ತಿಳಿತಿಲ್ಲೆ’ ಎಂದು ಅವರು ಬೈಯುವುದು. ವಾರದಲ್ಲಿ ಆ ಒಂದು ಗಳಿಗೆ ಈ ಮನೆಯಲ್ಲಿ ನಗು ಕೇಳುತ್ತಿತ್ತು.

ಅವರ ಕೊನೆಯ ಶನಿವಾರ ನೆನಪಿದೆಯೇ? ಅವರ ಕೈಗೆ ಮೂರು ರಾಜರು ಬಂದಿದ್ದರು. ಮೂರನ್ನೂ ಬಿಸಾಡಿದರು. ನಿನಗೆ ಕಣ್ಣಲ್ಲಿ ನೀರು ಬರುವಷ್ಟು ನಗು, ನನಗೂ. ನಗುತ್ತಲೇ ನನ್ನನ್ನು ನೋಡಿದೆ, ಹಿಂದೆ ನೋಡುತ್ತಿದ್ದ ಹಾಗೆ. ನಿನ್ನ ಬಾಯಿಗೆ ಏನೋ ಬಂದಿತ್ತು, ನನಗೆ ಗೊತ್ತು. ಆದರೆ ನೀರು ಕುಡಿಯಬೇಕು ಎಂದು ಎದ್ದುಹೋದೆ. ನೀನು ಅಡುಗೆಮನೆಯಲ್ಲಿ ಇರುವಷ್ಟು ಹೊತ್ತೂ ನಾನು ಬಾಗಿಲನ್ನೇ ನೋಡುತ್ತಿದ್ದೆ. ನಾನಾದರೂ ಎದ್ದು ಬರಬಹುದಿತ್ತು.

ವಕೀಲರ ಹತ್ತಿರ ಹೋಗಲು ದಿನ ಗೊತ್ತು ಮಾಡು. ನಾನು ಬರುತ್ತೇನೆ, ಸಹಿ ಹಾಕುತ್ತೇನೆ, ತಕರಾರು ಇಲ್ಲ. ಎಲೆಯ ಕಟ್ಟು ಬೇಕಿದ್ದರೆ ನೀನೇ ಇಟ್ಟುಕೊ. ಬೀಜದ ಡಬ್ಬಿಯನ್ನು ಮಾತ್ರ ನಾನು ಕೊಡುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ಎದೆ ಇಷ್ಟು ನೋಯುತ್ತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇನ್ನೂ ನಿನ್ನ ಮನೆಯವಳೇ ಆಗಿರುವ,
ಪ್ರತಿಭಾ

ಮರೆತಿದ್ದು: ಇದನ್ನು ನಿನಗೆ ಹೇಳಬಾರದು ಎಂದು ಅತ್ತೆ ಹೇಳಿದ್ದರು, ಈಗ ಹೇಳದೆ ಇರಲಾರೆ. ಹೋದ ಚಳಿಗಾಲದ ಒಂದು ಮಂಗಳವಾರ ನಾನು ಜೋಡಿ ಗುಲಾಮ ಇಳಿಸಿದೆ. ಅತ್ತೆ ಜೋಡಿ ರಾಜರನ್ನು ಇಳಿಸಿ, ಬೀಜಗಳನ್ನೆಲ್ಲ ಬಳಿದುಕೊಂಡರು. ಆಗ ಯೋಚಿಸಿದರೆ, ನಾವಿಬ್ಬರೇ ಆಡುವಾಗ ಅವರು ಒಮ್ಮೆಯೂ ರಾಜನನ್ನು ಬಿಸಾಡಿದ್ದಿಲ್ಲ. ‘ಅತ್ತೆ, ಗುಲಾಮ ದೊಡ್ಡವ ಅಲ್ದಾ?’ ಎಂದು ಕೇಳಿದೆ. ಅವರು ತಲೆಯೆತ್ತಲಿಲ್ಲ. ‘ಅವ ಸೋಫಾದ ಮೇಲೆ ಮಲಗೂದು ಯಂಗೆ ಕಾಣ್ತಿಲ್ಲೆ ಹೇಳಿ ತಿಳ್ಕಂಡಿದ್ಯಾ ತಂಗೀ’ ಎಂದರು. ಎಲೆಗಳನ್ನು ಜೋಡಿಸಿ ನನ್ನ ಕೈಗೆ ಕೊಡುತ್ತ, ‘ಗುಲಾಮ ದೊಡ್ಡವ ಆಗೂದು ಶನಿವಾರ ಮಾತ್ರ’ ಎಂದರು.