ನೆಲಬಳ್ಳಿಯ ಮೇಲೆ ಒಂದು ಹನಿ ರಕ್ತ

ತುಂಗಭದ್ರೆಯ ದಂಡೆ
ಫೆಬ್ರವರಿ ೩೦, ೨೨೪೧

ನಮಗಿಂತ ಇನ್ನೂರು ವರ್ಷ ಹಿಂದೆ ಬದುಕುತ್ತಿರುವ ಹಿರಿಯರಿಗೆ, ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ನೀಲಗಂಗಾಳ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ, ಮಿಕ್ಕ ಐದು ದಿನ ವರ್ಷದ ಕೊನೆಗೆ. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ.

ನಮ್ಮ ಮನೆಗಳಲ್ಲಿ ವೈರು ಕಾಣುವುದಿಲ್ಲ. ನೆಲದಡಿ ವಿದ್ಯುತ್ ಹರಿಯುವ ತಾಮ್ರದ ಸುರುಳಿ ಹಾಸಿರುತ್ತಾರೆ; ಅದನ್ನು ನೆಲಬಳ್ಳಿ ಅನ್ನುತ್ತೇವೆ. ಅದರ ಮೇಲಿಟ್ಟ ಒಲೆ ತಾನೇ ಕಾಯುತ್ತದೆ. ರೊಟ್ಟಿ ಬಡಿಯಲು ಕೂತರೆ ತೊಡೆಯಲ್ಲಿ ಸಣ್ಣಗೆ ಗುಂಯ್ ಅನ್ನುವುದು ಹುಟ್ಟಿದಾಗಿನಿಂದ ರೂಢಿ. ನನ್ನ ಅಕ್ಕ ಹಂಪಮ್ಮ ಇಪ್ಪತ್ತು ವರ್ಷ ಆ ಸುರುಳಿ ಹಾಸಿದವಳು.

ಕಳೆದ ತಿಂಗಳು ಅವಳ ಕಾಲಿಗೆ ಕಲ್ಲಿನ ಚೂರು ತಾಗಿತು. ಗೀರಿದಷ್ಟೇ ಗಾಯ. ಹನ್ನೆರಡು ದಿನವಾದರೂ ಮಾಯಲಿಲ್ಲ. ಔಷಧ ನಾಟಲಿಲ್ಲ, ಕಾಲ್ಬೆರಳು ಕಪ್ಪಾದವು.

“ಇಷ್ಟು ಗಾಯಕ್ಕ ಯಾರಾರ ಸಾಯ್ತಾರೇನು? ಸುಮ್ನ ಅಳಬ್ಯಾಡ,” ಎಂದಳು. ಜ್ವರಕ್ಕೆ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

ಅವಳ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ರೋಗಾಣು ಪಕ್ಕದಲ್ಲೇ ಇದ್ದರೂ ಬಿಳಿ ರಕ್ತಕಣಗಳು ಕದಲಲಿಲ್ಲ. ನನ್ನ ರಕ್ತಕ್ಕೂ ಅದೇ ರೋಗಾಣು ಸೇರಿಸಿ ನೋಡಿದೆ, ಅಲ್ಲೂ ಹಾಗೇ. ಅಷ್ಟರಲ್ಲಿ ರಿಪೇರಿಗೆಂದು ಆಸ್ಪತ್ರೆಯ ನೆಲಬಳ್ಳಿ ನಿಲ್ಲಿಸಿದರು. ಕಿಟಕಿಯ ಬಿಸಿಲಲ್ಲಿ ನೋಡುತ್ತಲೇ ಇದ್ದೆ. ಒಂದು ಕಣ ಮೆಲ್ಲಗೆ ಮೈ ಚಾಚಿ ರೋಗಾಣುವನ್ನು ನುಂಗಿತು. ಆಮೇಲೆ ಇನ್ನೊಂದು. ನೆಲ ಮತ್ತೆ ಗುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಕಣಗಳೆಲ್ಲ ಮತ್ತೆ ನಿಂತವು.

ದೊಡ್ಡ ಡಾಕ್ಟರನ್ನು ಕರೆದು, ಕಂಡದ್ದನ್ನು ಹೇಳಿ ತೋರಿಸಿದೆ. ನೋಡಿದವರೇ ಎದ್ದು ಬಾಗಿಲು ಹಾಕಿದರು. “ಊರಿಗೆ ಊರೇ ಇದರ ಮ್ಯಾಲ ನಿಂತದ, ನೀಲಗಂಗಮ್ಮ. ಎರಡು ಹನಿ ನೋಡಿ ಹೇಳಿದ್ರ ಯಾರು ನಂಬ್ತಾರ? ಬಾಯಿ ಬಿಡಬ್ಯಾಡ್ರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದದ್ದು ಭಯ.

ಅಕ್ಕನನ್ನು ಊರಾಚೆಯ ಕುರಿಹಟ್ಟಿಗೆ ಒಯ್ದೆ. ಅಲ್ಲಿ ನೆಲಬಳ್ಳಿ ಇಲ್ಲ. ಎರಡು ಬೆರಳು ಹೋದವು, ಆರನೆಯ ದಿನ ಜ್ವರ ಬಿಟ್ಟಿತು. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವಳು, “ಎಷ್ಟು ಮನಿಗೆ ಹಾಸೀನಿ ನಾನು?” ಎಂದಳು.

ಅವಳು ಉಳಿದದ್ದು ನೆಲಬಳ್ಳಿಯಿಂದ ದೂರ ಹೋದದ್ದರಿಂದಲೇ ಎಂದು ಆಣೆಯಿಟ್ಟು ಹೇಳಲಾರೆ. ಇನ್ನೂ ನೂರು ಜನರ ರಕ್ತ ನೋಡಬೇಕು, ಆಸ್ಪತ್ರೆಯವರು ನೋಡಲು ಬಿಡುತ್ತಿಲ್ಲ. ಹಿರಿಯರೇ, ಮುಂದೆ ಯಾರಾದರೂ ಇಂಥದ್ದನ್ನು ಮನೆಯೊಳಗೆ ತಂದರೆ, ನೆಲ ಅಗೆಯುವ ಮೊದಲೇ ಪರೀಕ್ಷೆ ಮಾಡಿಸಿ. ಆಮೇಲೆ ಕೇಳಲು ಯಾರಿಗೂ ಧೈರ್ಯವಿರುವುದಿಲ್ಲ.

ಇದುವರೆಗೆ ಬಿಟ್ಟಿದ್ದ ಆಸ್ಪತ್ರೆಯ ಬಾಣಂತಿಯರ ಕೋಣೆಗೆ ನಾಳೆ ಬೆಳಿಗ್ಗೆ ನೆಲಬಳ್ಳಿ ಹಾಸುತ್ತಾರೆ. ಅಲ್ಲಿ ಐದು ಕೂಸುಗಳಿವೆ. ಹೋಗಿ ಅಡ್ಡ ಕೂರುತ್ತೇನೆ. ಕೋಲೂರಿಕೊಂಡು ತಾನೂ ಬರುತ್ತೇನೆ ಎಂದಿದ್ದಾಳೆ ಅಕ್ಕ. ನನಗೆ ಬಹಳ ಹೆದರಿಕೆಯಾಗುತ್ತಿದೆ.