ಅರ್ಜಿಗೆ ಸಹಿ ಮಾಡಿದವಳು

ಧಾರವಾಡ,
೧೪ ಜೂನ್ ೧೯೪೪

ಹಳಿಯಾಳದಲ್ಲಿರುವ ನಮ್ಮ ಯಜಮಾನರಿಗೆ ಗುರುಸಿದ್ದವ್ವನ ಶರಣು.

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ. ನೀವು ನಮ್ಮ ಕಾಲೇಜಿಗೆ ಬರೆದ ಪತ್ರವನ್ನು ಕಳೆದ ಶುಕ್ರವಾರ ಓದಿದೆ.

ವ್ಯಾಯಾಮ ವಿಭಾಗದ ಮುಖ್ಯಸ್ಥರು ನಿವೃತ್ತರಾದರು, ಆ ಜಾಗಕ್ಕೆ ನಾನೂ ಅರ್ಜಿ ಹಾಕಿದ್ದೇನೆ ಎಂದು ಯುಗಾದಿಗೆ ಬಂದಾಗ ನಿಮಗೆ ಹೇಳಿದ್ದೆ. ನೀವು ಹೂಂ ಎಂದು ಊಟ ಮುಂದುವರಿಸಿದಿರಿ. ಅದನ್ನೇ ಒಪ್ಪಿಗೆ ಎಂದುಕೊಂಡೆ. ಆರು ವರ್ಷದಿಂದ ಇಲ್ಲಿಯ ಹುಡುಗಿಯರಿಗೆ ಓಟ ಕಲಿಸುತ್ತಿರುವವಳು ನಾನು. ಗಂಡುಹುಡುಗರ ಮೈದಾನ ನಮಗೆ ಸಿಗದಿದ್ದಾಗ ವಸತಿಗೃಹದ ಹಿಂದಿನ ಕಲ್ಲುನೆಲವನ್ನು ಹುಡುಗಿಯರೊಂದಿಗೆ ಹಾರೆ ಹಿಡಿದು ಸಪಾಟು ಮಾಡಿದೆ. ಮುಂಡಗೋಡದ ಕಾಸಿಂಸಾಬರ ಮನೆಗೆ ಮೂರು ಸಲ ಹೋಗಿ, ಅವರ ಮಗಳು ರಜಿಯಾಳನ್ನು ಓಟಕ್ಕೆ ಕಳಿಸಿರೆಂದು ಕೇಳಿದೆ. ಮೂರನೆಯ ಸಲ ಅವರು, "ನೀವು ಜೋಡಿ ಇರ್ತೀರಿ ಅಂದ್ರ ಕಳಸ್ತೇನ್ರಿ ಅಕ್ಕೋರ" ಎಂದರು. ಪರವೂರಿನವರು ನನ್ನನ್ನು ನಂಬಿದರು.

ಶುಕ್ರವಾರ ಸಮಿತಿಯವರು ಕರೆಸಿದರು. ಐವರು ಗಂಡಸರು. ಅಧ್ಯಕ್ಷರಾದ ನಾಗಲಿಂಗಪ್ಪ ವಕೀಲರು ನಿಮ್ಮ ಪತ್ರವನ್ನು ನನ್ನ ಮುಂದೆ ಸರಿಸಿ, "ನಿಮ್ಮ ಯಜಮಾನರ ಹಿಂಗ ಬರದಾರ. ಇನ್ನ ನಾವೇನ್ ಮಾಡೂಣು?" ಎಂದರು. ನನಗೆ ಆ ಹುದ್ದೆಯ ಆಸೆ ಇಲ್ಲವಂತೆ. ಇರುವ ಕೆಲಸವನ್ನೂ ಬಿಟ್ಟು ಮಳೆಗಾಲದೊಳಗೆ ಮನೆಗೆ ಬರುವವಳಂತೆ. ನಿಮ್ಮ ಅಕ್ಷರ ಎಷ್ಟು ದುಂಡಗಿತ್ತು! ಒಂದು ಕಡೆಯೂ ಕೈ ನಡುಗಿದ ಗುರುತಿಲ್ಲ.

ಮದುವೆಯಾಗಿ ಹನ್ನೊಂದು ವರ್ಷ, ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಅಂದು ಹೇಳಿದೆ. "ಅರ್ಜಿಗೆ ಸಹಿ ಮಾಡಿದಾಕಿ ನಾನ್ರಿ. ಅಂದಾನೆಪ್ಪ ಅರ್ಜಿ ಹಾಕಿಲ್ಲ" ಎಂದೆ. ಐವರೂ ತಲೆ ತಗ್ಗಿಸಿದರು. ನನ್ನ ಮಾತು ನ್ಯಾಯವೆಂದಲ್ಲ, ಗಂಡನ ಹೆಸರು ಹೇಳಿದಳಲ್ಲ ಎಂದು.

ನಿಮ್ಮ ಸಿಟ್ಟಿನ ಮೂಲ ನನಗೆ ಗೊತ್ತು. ಹೋದ ವರ್ಷ ಅತ್ತೆ ಮುದಕವ್ವ ತೀರಿಕೊಂಡಾಗ ನಾನು ತಂಡದ ಜೊತೆ ಬೆಳಗಾವಿಯಲ್ಲಿದ್ದೆ. ಜಡ್ಡು ಜೋರಾಗಿದೆ ಎಂದು ತಂತಿ ಬಂದಿತ್ತು. ಮರುದಿನದ ಪಂದ್ಯ ಮುಗಿಸಿ ಹೊರಟೆ. ಆ ತಪ್ಪು ನನ್ನದೇ, ಯಾರ ಮೇಲೂ ಹಾಕುವುದಿಲ್ಲ. ಆದರೆ ಅಂದು ಅಂಗಳದಲ್ಲಿ ಎಲ್ಲರೆದುರು ನನ್ನನ್ನು ಬೈದಿದ್ದರೆ ತಲೆಬಾಗಿ ಕೇಳುತ್ತಿದ್ದೆ. ನೀವು ಬೈಯಲಿಲ್ಲ. ದಾಂಡೇಲಿಗೆ ಕಟ್ಟಿಗೆ ಹರಾಜಿಗೆ ಹೋದಿರಿ. ಒಂದು ವರ್ಷ ಮೌನವಾಗಿದ್ದು, ನನ್ನ ಬೆನ್ನ ಹಿಂದೆ ಪತ್ರ ಬರೆದಿರಿ.

ತರಬೇತಿಗೆಂದು ಮುಂಬಯಿಗೆ ಹೊರಟಾಗ ಅಳ್ನಾವರದಲ್ಲಿ ನನ್ನನ್ನು ರೈಲು ಹತ್ತಿಸಿದವರು ನೀವೇ. "ಅಂಜಬ್ಯಾಡ, ಕಲತು ಬಾ" ಎಂದಿದ್ದಿರಿ. ಕಲಿತು ಬಂದೆ. ಕಲಿತದ್ದು ಇಷ್ಟೇ ಸಾಕು ಎಂದು ಹೇಳುವುದಿದ್ದರೆ ನನಗೇ ಹೇಳಬೇಕಿತ್ತು, ನಾಗಲಿಂಗಪ್ಪನವರಿಗಲ್ಲ.

ಶ್ರಾವಣದಲ್ಲಿ ಮನೆಗೆ ಬರುತ್ತೇನೆ. ಎದುರಿಗೆ ಕೂತು ಮಾತಾಡಿರಿ. ಜಗಳವಾದರೂ ಆಗಲಿ.

ಇಂತು,
ಗುರುಸಿದ್ದವ್ವ

ತಾ.ಕ. ಹುದ್ದೆ ನನಗೇ ಆಯಿತು. ಆದೇಶ ನಿನ್ನೆ ಕೈಸೇರಿತು. ಇದನ್ನು ಮೊದಲೇ ಬರೆದಿದ್ದರೆ, ಹೇಗೂ ಆಕೆಗೆ ನಷ್ಟವಾಗಲಿಲ್ಲವಲ್ಲ ಎಂದು ನೀವು ಸಮಾಧಾನಪಟ್ಟುಕೊಂಡು ಉಳಿದದ್ದನ್ನು ಓದದೇ ಮಡಚಿಡುತ್ತಿದ್ದಿರಿ. ಎಂಟು ದಿನದೊಳಗೆ ಪತಿಯ ಒಪ್ಪಿಗೆ ಪತ್ರ ತರಬೇಕೆಂದು ಆದೇಶದ ಕೊನೆಗೆ ಒಂದು ಸಾಲು ಇತ್ತು. ಅದನ್ನು ಮಸಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಸಹಿ ಹಾಕಿ ಮರಳಿ ಕೊಟ್ಟಿದ್ದೇನೆ.